ಡೀಸೆಲ್ ಕೊನೆಗಿರಲಿ, ಮೀಟರ್ ಮೊದಲು ಬರಲಿ

ಬೇಸಿಗೆಯಲ್ಲೂ ಮೌಳಂಗಿಯ ಬಂಡೆಗಳ ನಡುವೆ ಕಾಳಿ ನದಿ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಏರುತ್ತದೆ. ಮೋಡವಿಲ್ಲ, ಮಳೆಯಿಲ್ಲ. ಮೇಲೆ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟಿನ ಟರ್ಬೈನುಗಳು ತಿರುಗಲು ಶುರುವಾಗಿವೆ, ಅಷ್ಟೆ. ಟರ್ಬೈನು ನಿಂತರೆ ನೀರು ಇಳಿಯುತ್ತದೆ, ದೋಣಿ ಓಡಿಸುವವರು ದಡದಲ್ಲಿ ಕಾಯುತ್ತಾರೆ. ದಾಂಡೇಲಿಯ ಪ್ರವಾಸೋದ್ಯಮದ ಗಡಿಯಾರ ಇರುವುದು ರಾಜ್ಯದ ವಿದ್ಯುತ್ ಬೇಡಿಕೆಯ ಕೈಯಲ್ಲಿ.

ಆ ನೀರು ಇಲ್ಲಿಗೇ ಮುಗಿಯುವುದಿಲ್ಲ. ಬೊಮ್ಮನಹಳ್ಳಿ ಜಲಾಶಯದಿಂದ ಸುರಂಗ ಹೊಕ್ಕು ನಾಗಝರಿಯಲ್ಲಿ ಮತ್ತೆ ಟರ್ಬೈನು ತಿರುಗಿಸುತ್ತದೆ, ಆಮೇಲೆ ಕೊಡಸಳ್ಳಿ, ಆಮೇಲೆ ಕದ್ರಾ. ಜೋಯಿಡಾ ತಾಲ್ಲೂಕಿನ ದಿಗ್ಗಿಯಲ್ಲಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ, ಇನ್ನೂರು ಕಿಲೋಮೀಟರೂ ಉದ್ದವಿಲ್ಲದ ಈ ನದಿಯಿಂದ ರಾಜ್ಯ ಪಡೆಯುವ ಜಲವಿದ್ಯುತ್ತಿನ ಸಾಮರ್ಥ್ಯ 1,200 ಮೆಗಾವಾಟ್ ಮೀರಿದೆ. ಅದೇ ಕಣಿವೆಯಲ್ಲಿ ಕೈಗಾದ ನಾಲ್ಕು ಅಣು ಘಟಕಗಳು ಸೇರಿ ಇನ್ನೊಂದು 880 ಮೆಗಾವಾಟ್. 2018ರ ಡಿಸೆಂಬರ್ 31ರಂದು ಕೈಗಾದ ಒಂದನೇ ಘಟಕವನ್ನು ನಿಲ್ಲಿಸಿದಾಗ ಅದು 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಬರೆದಿತ್ತು.

ಇಂಥ ಕಣಿವೆಯಲ್ಲಿ ಕೂತು ಜೋಯಿಡಾದ ಒಳಹಳ್ಳಿಗಳ ಜನ ಜುಲೈ ತಿಂಗಳಲ್ಲಿ ಕೇಳುವ ಪ್ರಶ್ನೆ ಒಂದೇ: ಕರೆಂಟು ಯಾವಾಗ ಬರುತ್ತದೆ? 962 ದಿನದ ಮಾತು ಹಾಗಿರಲಿ, ಮರ ಬಿದ್ದು ಹರಿದ ತಂತಿ ಒಂಬತ್ತು ದಿನದೊಳಗೆ ಜೋಡಣೆಯಾದರೆ ಅದೇ ಸಮಾಧಾನ. ಮೌಳಂಗಿ, ಗಣೇಶಗುಡಿ ಕಡೆಯ ರೆಸಾರ್ಟುಗಳಿಗೆ ಈ ಚಿಂತೆಯಿಲ್ಲ. ದೀಪ ಆರಿದ ಮರುನಿಮಿಷವೇ ಹಿತ್ತಲಿನ ಡೀಸೆಲ್ ಜನರೇಟರ್ ಗುಡುಗುಡು ಎನ್ನುತ್ತದೆ, ಅತಿಥಿಯ ಫ್ಯಾನು ಮತ್ತೆ ತಿರುಗುತ್ತದೆ. ರಾತ್ರಿಗೆ ಸಾವಿರಾರು ರೂಪಾಯಿ ಕೊಡುವ ಅತಿಥಿಗೆ ಆ ಡೀಸೆಲ್ಲಿನ ಖರ್ಚು ತಟ್ಟುವುದಿಲ್ಲ. ಕಾಡಿನೊಳಗಿನ ಕುಣಬಿ ಕುಟುಂಬಕ್ಕೆ, ಗೌಳಿವಾಡದ ಮನೆಗೆ ತಟ್ಟುತ್ತದೆ.

ದೂರದ ಹಳ್ಳಿಗಳಿಗೆ ಸೋಲಾರ್ ಮತ್ತು ಡೀಸೆಲ್ ಸೇರಿಸಿದ ಕಿರುಜಾಲ, ಅಂದರೆ ಹೈಬ್ರಿಡ್ ಮಿನಿ ಗ್ರಿಡ್ ಹಾಕಬೇಕೆಂಬ ಸಲಹೆ ಜಗತ್ತಿನಾದ್ಯಂತ ಕೇಳಿಬರುತ್ತಿದೆ. ಕಾಳಿ ಕಣಿವೆಗೆ ಅದು ಹೊಂದುತ್ತದೆಯೇ? ಹೊಂದುತ್ತದೆ, ಎರಡು ಷರತ್ತಿನ ಮೇಲೆ. ಡೀಸೆಲ್ಲಿನ ಜಾಗವನ್ನು ಆದಷ್ಟೂ ಇಲ್ಲಿನ ಹಳ್ಳದ ನೀರಿಗೆ ಕೊಡಬೇಕು. ಅದಕ್ಕಿಂತ ಮುಖ್ಯವಾಗಿ, ಆ ಜಾಲದಿಂದ ದೀಪ ಹಚ್ಚುವ ಮನೆ ಇಲ್ಲಿನ ವಿದ್ಯುತ್ ವಿತರಣಾ ಕಂಪನಿಯಾದ ಹೆಸ್ಕಾಂನ ಪೂರ್ಣ ಗ್ರಾಹಕನಾಗಿರಬೇಕು. ಹಣ, ತಂತ್ರಜ್ಞಾನ, ಅರಣ್ಯದ ಅನುಮತಿ ಎಂದು ಎಷ್ಟೇ ಚರ್ಚೆ ನಡೆದರೂ ಈ ಎರಡನೇ ಷರತ್ತಿನ ಮಾತು ಬಂದಾಗ ಎಲ್ಲರೂ ಮೌನ.

ಮೊದಲು ಊರಿನ ಭೂಗೋಳ. ಸುಮಾರು 1,900 ಚದರ ಕಿಲೋಮೀಟರ್ ವಿಸ್ತಾರದ ಜೋಯಿಡಾ ತಾಲ್ಲೂಕಿನಲ್ಲಿ ಇರುವುದು ಐವತ್ತು ಸಾವಿರ ಚಿಲ್ಲರೆ ಜನ. ಒಂದು ಕಾಲಕ್ಕೆ ಸೂಪಾ ಪೇಟೆಯೇ ತಾಲ್ಲೂಕು ಕೇಂದ್ರ; 101 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಅದು ಮುಳುಗಿತು, ನಿರಾಶ್ರಿತರು ರಾಮನಗರಕ್ಕೆ ಹೋದರು, ಕಚೇರಿಗಳು ಜೋಯಿಡಾಕ್ಕೆ ಬಂದವು. ಉಳಿದ ನೆಲದ ಬಹುಪಾಲು ದಟ್ಟ ಕಾಡು. 2007ರಲ್ಲಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಣೆಯಾಗಿ 2015ರಲ್ಲಿ ಕಾಳಿ ಎಂಬ ಹೆಸರು ಪಡೆದದ್ದು ಇದೇ ಕಾಡು. ಇಲ್ಲಿ ಹಳ್ಳಿಯೆಂದರೆ ಸಾಲುಮನೆಗಳ ಊರಲ್ಲ. ಗುಡ್ಡದ ಈ ಬದಿಗೆ ನಾಲ್ಕು ಮನೆ, ಗದ್ದೆ ದಾಟಿ ಆಚೆ ಆರು ಮನೆ, ಹಳ್ಳದ ಮೇಲಿನ ಸಂಕ ದಾಟಿದರೆ ಇನ್ನೆರಡು. ಕ್ಯಾಸಲ್‌ರಾಕ್ ಸೀಮೆ ರಾಜ್ಯದ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು.

ಇಂಥಲ್ಲಿ 11 ಕೆ.ವಿ. ತಂತಿ ಎಳೆಯುವುದೆಂದರೆ ಹತ್ತು ಮನೆಗಾಗಿ ಕಿಲೋಮೀಟರುಗಟ್ಟಲೆ ಕಂಬ ನೆಡುವುದು. ನೆಟ್ಟ ಮೇಲೂ ಮುಗಿಯಿತೇ? ಮೊದಲ ಮಳೆಗಾಳಿಗೆ ಕೊಂಬೆ ಬೀಳುತ್ತದೆ. ಲೈನ್‌ಮನ್ ಜಿಗಣೆ ಕಿತ್ತೆಸೆಯುತ್ತ ಕಾಡಿನೊಳಗೆ ನಡೆದು ತಂತಿ ಎಲ್ಲಿ ಹರಿದಿದೆಯೆಂದು ಹುಡುಕಬೇಕು. ಸಿಕ್ಕಿತು, ಜೋಡಿಸಿ ಬಂದ ಎನ್ನುವಷ್ಟರಲ್ಲಿ ಮುಂದಿನ ತಿರುವಿನಲ್ಲಿ ಇನ್ನೊಂದು ಮರ. ಒಂದು ಸೆಕ್ಷನ್ ಕಚೇರಿಯ ಬೆರಳೆಣಿಕೆಯ ಸಿಬ್ಬಂದಿ ಇಷ್ಟು ಕಾಡು ಸುತ್ತುವುದೆಂದರೆ ಅವರನ್ನು ಬೈಯುವುದಕ್ಕೆ ಮನಸ್ಸಾಗುವುದಿಲ್ಲ. ಇತ್ತ ಜೋತುಬಿದ್ದ ತಂತಿ ಆನೆಗೂ ಕಂಟಕ, ದನ ಮೇಯಿಸುವವನಿಗೂ ಕಂಟಕ.

ದಾಖಲೆಯ ಪ್ರಕಾರ ಮಾತ್ರ ಎಲ್ಲವೂ ಬೆಳಗಿದೆ. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್‌ಗೆ ಕರೆಂಟು ತಲುಪುವುದರೊಂದಿಗೆ ದೇಶದ ಎಲ್ಲ ಹಳ್ಳಿಗಳೂ ವಿದ್ಯುದೀಕರಣಗೊಂಡವು ಎಂದು ಕೇಂದ್ರ ಸರ್ಕಾರ ಸಾರಿತು. ಆಗಿನ ವ್ಯಾಖ್ಯೆಯಲ್ಲಿ ಹಳ್ಳಿಯ ಶೇ 10ರಷ್ಟು ಮನೆಗಳಿಗೆ, ಜೊತೆಗೆ ಶಾಲೆ, ಪಂಚಾಯ್ತಿಯಂಥ ಸಾರ್ವಜನಿಕ ಕಟ್ಟಡಗಳಿಗೆ ಸಂಪರ್ಕವಿದ್ದರೆ ಸಾಕಿತ್ತು. ಮಜರೆಗಳೇ ತುಂಬಿರುವ ಜೋಯಿಡಾದಂಥ ತಾಲ್ಲೂಕಿಗೆ ಈ ಲೆಕ್ಕ ಎಷ್ಟು ಅನ್ವಯವಾಗುತ್ತದೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದಕ್ಕಿಂತ ದೊಡ್ಡ ಸಮಸ್ಯೆಯೆಂದರೆ, ಯಾವ ವ್ಯಾಖ್ಯೆಯಲ್ಲೂ ದಿನಕ್ಕೆಷ್ಟು ಗಂಟೆ, ಮಳೆಗಾಲದಲ್ಲಿ ಎಷ್ಟು ದಿನ ಎಂಬ ಪ್ರಶ್ನೆಯೇ ಇರಲಿಲ್ಲ.

ಹೈಬ್ರಿಡ್ ಕಿರುಜಾಲ ಕೆಲಸ ಮಾಡುವ ರೀತಿ ಸರಳ. ಊರ ಅಂಚಿನ ಬಯಲಿನಲ್ಲಿ ಸೋಲಾರ್ ಪ್ಯಾನೆಲ್ಲುಗಳು, ಒಂದು ಕೋಣೆಯಲ್ಲಿ ಬ್ಯಾಟರಿ ಮತ್ತು ಇನ್ವರ್ಟರ್, ಪಕ್ಕದ ಶೆಡ್ಡಿನಲ್ಲಿ ಡೀಸೆಲ್ ಜನರೇಟರ್. ಅಲ್ಲಿಂದ ಗಿಡ್ಡ ಕಂಬಗಳ ಮೇಲೆ ಹೊದಿಕೆಯಿರುವ ಕೇಬಲ್ಲು ಮನೆಮನೆಗೆ ಹೋಗುತ್ತದೆ. ಹಗಲು ಬಿಸಿಲಿನಿಂದ ಊರೂ ನಡೆಯುತ್ತದೆ, ಬ್ಯಾಟರಿಯೂ ತುಂಬುತ್ತದೆ. ಸಂಜೆಯ ಮೇಲೆ ಬ್ಯಾಟರಿ. ನಾಲ್ಕು ದಿನ ಮೋಡ ಮುಸುಕಿ ಬ್ಯಾಟರಿ ತಳ ಕಂಡಾಗ ಮಾತ್ರ ಜನರೇಟರ್ ಎರಡು-ಮೂರು ಗಂಟೆ ಓಡಿ ಅದನ್ನು ತುಂಬಿಸಿ ಸುಮ್ಮನಾಗುತ್ತದೆ.

ಜನರೇಟರನ್ನು ನೇರವಾಗಿ ಊರಿಗೆ ಜೋಡಿಸದೆ ಬ್ಯಾಟರಿ ತುಂಬಿಸಲು ಹಚ್ಚುವುದಕ್ಕೆ ಕಾರಣವಿದೆ. ರಾತ್ರಿ ಹನ್ನೊಂದರ ಮೇಲೆ ಊರಿನ ಬಳಕೆಯೆಂದರೆ ಹತ್ತಾರು ಬಲ್ಬು, ಒಂದಷ್ಟು ಫ್ಯಾನು. ಅಷ್ಟಕ್ಕಾಗಿ ಹದಿನೈದು ಕಿಲೋವಾಟಿನ ಎಂಜಿನ್ ಓಡಿಸಿದರೆ ಅದು ಬಿಸಿಯೇ ಏರುವುದಿಲ್ಲ. ಅರೆಬರೆ ಉರಿದ ಎಣ್ಣೆ ಸೈಲೆನ್ಸರಿನ ತುದಿಯಲ್ಲಿ ಕಪ್ಪು ಜಿಡ್ಡಾಗಿ ಒಸರುತ್ತದೆ, ಎಂಜಿನ್ ಬೇಗ ಸವೆಯುತ್ತದೆ, ಕೊಡುವ ಯೂನಿಟ್ಟಿಗೆ ಹೋಲಿಸಿದರೆ ಕುಡಿಯುವ ಡೀಸೆಲ್ ವಿಪರೀತವಾಗುತ್ತದೆ. ಬ್ಯಾಟರಿ ಮಧ್ಯೆ ಬಂದರೆ ಎಂಜಿನ್ ಓಡುವಷ್ಟು ಹೊತ್ತೂ ಮೈತುಂಬ ಹೊರೆ ಹೊತ್ತು ಓಡುತ್ತದೆ, ಉಳಿದ ಹೊತ್ತು ತಣ್ಣಗಿರುತ್ತದೆ.

ಹಾಗಾದರೂ ಲೀಟರ್ ಡೀಸೆಲ್ಲಿಗೆ ಸಣ್ಣ ಜನರೇಟರಿನಿಂದ ಸಿಗುವುದು ಸುಮಾರು ಮೂರು ಯೂನಿಟ್. ಲೀಟರಿಗೆ 90 ರೂಪಾಯಿಯ ಆಸುಪಾಸು ಹಿಡಿದರೆ ಎಣ್ಣೆಯ ಖರ್ಚೇ ಯೂನಿಟ್ಟಿಗೆ 30 ರೂಪಾಯಿ. ಇದು ಪೆಟ್ರೋಲ್ ಬಂಕಿನ ಲೆಕ್ಕ. ಕ್ಯಾನನ್ನು ಜೀಪಿಗೆ ಹಾಕಿ, ರಸ್ತೆ ಮುಗಿದಲ್ಲಿ ಹೆಗಲಿಗೇರಿಸಿ, ತುಂಬಿದ ಹಳ್ಳದ ಸಂಕ ದಾಟಿಸುವ ಕೂಲಿ ಬೇರೆ. ಡೀಸೆಲ್ ಹೆಚ್ಚು ಬೇಕಾಗುವ ತಿಂಗಳುಗಳೇ ಅದನ್ನು ಸಾಗಿಸಲಾಗದ ತಿಂಗಳುಗಳು ಎಂಬ ಮಾತನ್ನು ಯೋಜನಾ ವರದಿ ಬರೆಯುವವರು ಯಾಕೋ ಮರೆಯುತ್ತಾರೆ.

ಒಂದು ಅಂದಾಜು ಹಾಕಿ ನೋಡಬಹುದು. ನಲವತ್ತು ಮನೆಗಳ ಊರು. ಐದು ಎಲ್‌ಇಡಿ ಬಲ್ಬು, ಒಂದು ಫ್ಯಾನು, ಒಂದು ಟಿವಿ, ಮೊಬೈಲು, ಮಿಕ್ಸಿ ಎಂದು ಮನೆಗೆ ದಿನಕ್ಕೊಂದು ಯೂನಿಟ್. ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಪಂಪು, ಹಿಟ್ಟಿನ ಗಿರಣಿಗೆ ಇನ್ನೊಂದು ಇಪ್ಪತ್ತು. ಒಟ್ಟು ದಿನಕ್ಕೆ 60 ಯೂನಿಟ್. ಇದನ್ನು ಪೂರ್ತಿ ಡೀಸೆಲ್ಲಿನಿಂದ ಕೊಡಹೊರಟರೆ ವರ್ಷಕ್ಕೆ 7,300 ಲೀಟರ್, ಎಣ್ಣೆಗೇ ಆರೂವರೆ ಲಕ್ಷ ರೂಪಾಯಿ. 20 ಕಿಲೋವಾಟ್ ಸೋಲಾರ್ ಹಾಕಿದರೆ ಬಿಸಿಲುಗಾಲದಲ್ಲಿ ದಿನಕ್ಕೆ 80 ಯೂನಿಟ್ ಹುಟ್ಟುತ್ತದೆ, ನಷ್ಟ ಕಳೆದೂ ಊರಿಗೆ ಸಾಕು. ಜೋಯಿಡಾದ ಆಷಾಢದಲ್ಲಿ ಅದೇ ಪ್ಯಾನೆಲ್ಲುಗಳಿಂದ 30–40 ಯೂನಿಟ್ ಸಿಕ್ಕರೆ ಹೆಚ್ಚು. ಮೂರು ತಿಂಗಳ ಕಾಲ ದಿನಕ್ಕೆ 20–30 ಯೂನಿಟ್ ಕೊರತೆ. ಅದನ್ನು ಡೀಸೆಲ್ಲಿನಿಂದ ತುಂಬಿದರೆ ಮಳೆಗಾಲಕ್ಕೆ ಆರುನೂರರಿಂದ ಒಂಬೈನೂರು ಲೀಟರ್. ಮೊದಲಿನ ಲೆಕ್ಕಕ್ಕೆ ಹೋಲಿಸಿದರೆ ಹತ್ತರಲ್ಲೊಂದು ಪಾಲು. ಊಟವಾಗಿದ್ದ ಡೀಸೆಲ್ ಉಪ್ಪಿನಕಾಯಿಯಾಯಿತು.

ಆ ಉಪ್ಪಿನಕಾಯಿಯೂ ಬೇಕಿಲ್ಲದಿರಬಹುದು. ಜೋಯಿಡಾದಲ್ಲಿ ಬಿಸಿಲು ಕೈಕೊಡುವ ತಿಂಗಳುಗಳಲ್ಲೇ ಹಳ್ಳಗಳು ತುಂಬಿ ಹರಿಯುತ್ತವೆ. ಇಪ್ಪತ್ತು ಮೀಟರ್ ಇಳಿಜಾರಿನಲ್ಲಿ ಸೆಕೆಂಡಿಗೆ ಹತ್ತು ಲೀಟರ್ ನೀರನ್ನು ಪೈಪಿನಲ್ಲಿ ಇಳಿಸಿದರೆ, ಅರ್ಧ ಶಕ್ತಿ ಪೋಲಾದರೂ ಒಂದು ಕಿಲೋವಾಟ್ ವಿದ್ಯುತ್ ಬರುತ್ತದೆ. ಒಂದೇ ಕಿಲೋವಾಟೇ ಎಂದು ಮೂಗು ಮುರಿಯುವ ಮುನ್ನ ಗಮನಿಸಬೇಕಾದ್ದು, ಹಳ್ಳಕ್ಕೆ ರಾತ್ರಿಯಿಲ್ಲ. ದಿನದ ಇಪ್ಪತ್ನಾಲ್ಕು ಗಂಟೆ ಓಡಿದರೆ 24 ಯೂನಿಟ್, ಅಂದರೆ ಮೇಲಿನ ಊರಿನ ಕೊರತೆ ಹೆಚ್ಚುಕಮ್ಮಿ ಅಲ್ಲಿಗೇ ತುಂಬಿತು. ಅಣೆಕಟ್ಟು ಬೇಡ, ಮರ ಕಡಿಯುವುದು ಬೇಡ, ಬಳಸಿದ ನೀರು ಇಪ್ಪತ್ತು ಮೀಟರ್ ಕೆಳಗೆ ಮತ್ತೆ ಅದೇ ಹಳ್ಳಕ್ಕೆ. ಇದು ಹೊಸ ಕನಸೂ ಅಲ್ಲ. ಪಶ್ಚಿಮ ಘಟ್ಟದುದ್ದಕ್ಕೂ, ಚಿಕ್ಕಮಗಳೂರು, ಕೊಡಗು, ದಕ್ಷಿಣ ಕನ್ನಡದ ಕಾಡಂಚಿನ ಮನೆಗಳಲ್ಲಿ ಇಂಥ ಕಿರು ಟರ್ಬೈನುಗಳು ಮಳೆಗಾಲದಿಂದ ಸುಗ್ಗಿಯವರೆಗೆ ದೀಪ ಹಚ್ಚಿದ್ದುಂಟು, ಸರ್ಕಾರದ ಸಹಾಯಧನವೂ ಸಿಕ್ಕಿದ್ದುಂಟು. ಸೂಪಾದಷ್ಟು ದೊಡ್ಡ ಜಲವಿದ್ಯುತ್ ಕಟ್ಟಿದ ಕಣಿವೆಗೆ ಇಷ್ಟು ಚಿಕ್ಕದು ಕಣ್ಣಿಗೆ ಬೀಳದಿರುವುದು ಸೋಜಿಗ. ಹಾಗೆಂದು ಡೀಸೆಲ್ ಜನರೇಟರನ್ನು ಕಿತ್ತೆಸೆಯಬೇಕಿಲ್ಲ. ಜೂನ್ ಮೊದಲ ವಾರದ ಮೋಡಕ್ಕೆ, ಹಳ್ಳ ಇನ್ನೂ ತುಂಬದ ದಿನಗಳಿಗೆ, ಟರ್ಬೈನಿನ ಬಾಯಿಗೆ ಎಲೆ ಕಸ ಕಟ್ಟಿಕೊಂಡ ರಾತ್ರಿಗೆ ಅದು ಶೆಡ್ಡಿನಲ್ಲಿರಲಿ.

ಡೀಸೆಲ್ಲಿನ ಜೊತೆ ಊರಿನದೇ ಇಂಧನ ಬೆರೆಸುವ ಪ್ರಯೋಗವನ್ನು ಕರ್ನಾಟಕ ಸುಮಾರು ನಾಲ್ಕು ದಶಕದ ಹಿಂದೆಯೇ ಮಾಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರು ಕಟ್ಟಿದ ‘ಅಸ್ತ್ರ’ ತಂಡ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಹಾಕಿತು. ಮೊದಲ ಉದ್ದೇಶ ಅಡುಗೆಯ ಗ್ಯಾಸು. ಊರಿನ ಒಲೆಗಳಿಗೆಲ್ಲ ಆಗುವಷ್ಟು ಸಗಣಿಯಿಲ್ಲ ಎಂಬುದು ಗೊತ್ತಾದಾಗ ತಂಡ ಹಟ ಹಿಡಿಯಲಿಲ್ಲ, ಊರಿನವರನ್ನೇ ಕೇಳಿತು. ಬೇಕಾದದ್ದು ಕುಡಿಯುವ ನೀರು ಎಂಬ ಉತ್ತರ ಬಂತು. 1987ರಲ್ಲಿ ಆ ಗ್ಯಾಸನ್ನು ಐದು ಕಿಲೋವಾಟಿನ ಡೀಸೆಲ್ ಎಂಜಿನ್ನಿಗೆ ಊಡಿಸಿ ಕೊಳವೆಬಾವಿಯ ನೀರೆತ್ತಿದರು, ಆಮೇಲೆ ಮನೆಗಳಿಗೆ ದೀಪ ಕೊಟ್ಟರು. ಎಂಜಿನ್ನಿಗೆ ಬೇಕಾದ ಡೀಸೆಲ್ಲಿನ ಬಹುಪಾಲನ್ನು ಗ್ಯಾಸೇ ಉಳಿಸುತ್ತಿತ್ತು.

ಪುರದ ನಿಜವಾದ ಹೊಸತನ ಇದ್ದದ್ದು ಎಂಜಿನ್ನಿನಲ್ಲಲ್ಲ. ಬೆಳಿಗ್ಗೆ ಹೆಣ್ಣುಮಕ್ಕಳು, ಮಕ್ಕಳು ಬುಟ್ಟಿಯಲ್ಲಿ ಸಗಣಿ ತಂದು ಸ್ಥಾವರದ ಬಾಗಿಲಲ್ಲಿ ತೂಕ ಹಾಕಿಸುತ್ತಿದ್ದರು. ಕಿಲೋಗೆ ಎರಡು ಪೈಸೆ ಲೆಕ್ಕಕ್ಕೆ ಬರೆಯಲಾಗುತ್ತಿತ್ತು. ಗ್ಯಾಸು ತೆಗೆದುಕೊಂಡ ಮೇಲಿನ ಬಗ್ಗಡ ಗೊಬ್ಬರವಾಗಿ ಅವರವರ ಪಾಲಿನ ಪ್ರಕಾರ ಅವರಿಗೇ ವಾಪಸ್. ದೀಪಕ್ಕೆ, ನಲ್ಲಿಗೆ ತಿಂಗಳ ಶುಲ್ಕ. ಶುಲ್ಕ ಗೊತ್ತು ಮಾಡುವುದು, ವಸೂಲು ಮಾಡುವುದು, ಊರ ಹುಡುಗರನ್ನು ಆಪರೇಟರ್ ಕೆಲಸಕ್ಕೆ ಇಡುವುದು ಎಲ್ಲ ಗ್ರಾಮ ವಿಕಾಸ ಸಭೆಯ ಹೊಣೆ. ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯಿಂದ ಗ್ಯಾಸು ಮಾಡಿ ಡೀಸೆಲ್ ಎಂಜಿನ್ ಓಡಿಸುವ 3.7 ಕಿಲೋವಾಟಿನ ಘಟಕ ಬಂತು. ಮೂವತ್ತು ಚಿಲ್ಲರೆ ಮನೆಗಳಿಗೆ ದೀಪ, ನೀರು, ಮುಂದೆ ಹಿಟ್ಟಿನ ಗಿರಣಿಯೂ ಅದರಿಂದ ನಡೆಯಿತು. ಸೌದೆಗಾಗಿ ಊರ ಪಕ್ಕ ನೆಡುತೋಪನ್ನೇ ಬೆಳೆಸಿದ್ದರು.

ಎರಡೂ ವರ್ಷಗಟ್ಟಲೆ ನಡೆದವು, ಎರಡೂ ನಿಂತವು. ಪುರದ ಕಥೆ ತೊಂಬತ್ತರ ದಶಕದಲ್ಲಿ ಮುಗಿಯಿತು. ಯಂತ್ರ ಕೆಟ್ಟದ್ದೇ ಕಾರಣವಾಗಿದ್ದರೆ ರಿಪೇರಿ ಆಗುತ್ತಿತ್ತು. ಊರಿಗೆ ಸರ್ಕಾರದ ನೀರು, ಸರ್ಕಾರದ ಕರೆಂಟು ಬೇರೆ ದಾರಿಯಲ್ಲಿ, ಬಹುಪಾಲು ಪುಕ್ಕಟೆಯಾಗಿ ಬರತೊಡಗಿದಾಗ ತಿಂಗಳ ಶುಲ್ಕ ಕೊಡಬೇಕಾದ ವ್ಯವಸ್ಥೆ ಬಡವಾಯಿತು. ವಿಜ್ಞಾನಿಗಳು ಊರಿನಿಂದ ಹಿಂದೆ ಸರಿದ ಮೇಲೆ ಹಿಂದೆ ನಿಲ್ಲುವ ಇಲಾಖೆ ಗಟ್ಟಿಯಾಗಿರಲಿಲ್ಲ.

ಇದೇ ಪಾಠವನ್ನು ಬಿಹಾರದ ಧರ್ನಾಯಿ ಹೆಚ್ಚು ಖರ್ಚು ಮಾಡಿ ಕಲಿಸಿತು. 2014ರ ಜುಲೈನಲ್ಲಿ ಗ್ರೀನ್‌ಪೀಸ್ ಸಂಸ್ಥೆ ಅಲ್ಲಿ ಸುಮಾರು ಮೂರು ಕೋಟಿ ರೂಪಾಯಿಯ, 100 ಕಿಲೋವಾಟಿನ ಸೋಲಾರ್ ಕಿರುಜಾಲ ಉದ್ಘಾಟಿಸಿತು. ಕೆಲವೇ ವಾರಗಳಲ್ಲಿ ನಿತೀಶ್ ಕುಮಾರ್ ಊರಿಗೆ ಬಂದಾಗ ಜನ ನಮಗೆ ಅಸಲಿ ಕರೆಂಟು ಬೇಕು, ನಕಲಿ ಬೇಡ ಎಂದು ಕೂಗಿದರು. ಸೋಲಾರಿನಲ್ಲಿ ಫ್ರಿಜ್ಜು ಓಡದು, ದರವೂ ದುಬಾರಿ. ಗ್ರಿಡ್ ಬಂತು, ಬ್ಯಾಟರಿಗಳು ಸತ್ತವು, ಕೆಲವು ವರ್ಷಗಳ ಮೇಲೆ ಆ ಶೆಡ್ಡಿನಲ್ಲಿ ದನ ಕಟ್ಟಿದ್ದರು. ಸುಂದರಬನದ ಸಾಗರ ದ್ವೀಪದಲ್ಲಿ 1996ರಷ್ಟು ಹಿಂದೆಯೇ ಕಮಲಪುರದ ಸೋಲಾರ್ ಸ್ಥಾವರ ದೇಶಕ್ಕೆ ಮಾದರಿಯೆನಿಸಿತ್ತು. ಅಲ್ಲೂ ದೊಡ್ಡ ತಂತಿ ಬಂದ ಮೇಲೆ ಇಂಥ ಅನೇಕ ಸ್ಥಾವರಗಳು ಮೂಲೆ ಸೇರಿದವು.

ಧರ್ನಾಯಿಯ ಜನರನ್ನು ಹಂಗಿಸುವುದು ಸುಲಭ. ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಪಕ್ಕದೂರಿನವನಿಗೆ ಯೂನಿಟ್ಟಿಗೆ ಮೂರು ರೂಪಾಯಿ, ತನಗೆ ಅದರ ಮೂರು ಪಟ್ಟು. ಪಕ್ಕದೂರಿನವನ ಕರೆಂಟು ಹೋದರೆ ದೂರು ಕೊಡಲು ಕಚೇರಿಯಿದೆ, ತನ್ನದು ಹೋದರೆ ಯಾವುದೋ ಸಂಸ್ಥೆಯ ಫೋನು. ಕಾಡಿನ ಮಗುವಿಗೆ ಸೋಲಾರ್ ದೀಪ ಸಾಕು ಎನ್ನುವ ಮಾತನ್ನು ಹೇಳುವವರು ಸಾಮಾನ್ಯವಾಗಿ ಎ.ಸಿ. ಕೋಣೆಯಲ್ಲಿ ಕೂತಿರುತ್ತಾರೆ.

ಕರ್ನಾಟಕದಲ್ಲಿ ಈ ಅಸಮಾನತೆಗೆ ಇನ್ನೊಂದು ಪದರವಿದೆ. 2023ರ ಆಗಸ್ಟ್‌ನಿಂದ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ ಮನೆಬಳಕೆಯ ವಿದ್ಯುತ್ ಉಚಿತ. ಈ ಉಚಿತ ಇಳಿಯುವುದು ವಿದ್ಯುತ್ ಕಂಪನಿಯ ಬಿಲ್ಲಿನಲ್ಲಿ. ಬಿಲ್ಲೇ ಬಾರದ ಮನೆಗೆ ಏನನ್ನು ಇಳಿಸುವುದು? ಬೆಂಗಳೂರಿನ ಅಪಾರ್ಟ್‌ಮೆಂಟಿನವನ ಫ್ರಿಜ್ಜು, ವಾಷಿಂಗ್ ಮಷೀನಿಗೆ ಸರ್ಕಾರ ಹಣ ತುಂಬುತ್ತದೆ. ಕಂಪನಿಯ ಮೀಟರ್ ಕಾಣದ ಕಾಡಿನ ಮನೆ ಬ್ಯಾಟರಿ ಸತ್ತಾಗ ತಾನೇ ಸಾಲ ಮಾಡಿ ಹೊಸದನ್ನು ತರಬೇಕು. 2024ರಲ್ಲಿ ಬಂದ ಕೇಂದ್ರದ ಸೂರ್ಯಘರ್ ಯೋಜನೆಯ ಸಹಾಯಧನವೂ ಮುಖ್ಯವಾಗಿ ಗ್ರಿಡ್ ಸಂಪರ್ಕವಿರುವ ಚಾವಣಿಗಳಿಗೆ. ಇದ್ದವರ ಮನೆಗೇ ಎರಡನೇ ದೀಪ.

ಹೀಗಾಗಿ ತಂತಿಯೋ ಸೋಲಾರೋ ಎಂಬ ಜಗಳವೇ ದಾರಿ ತಪ್ಪಿದ್ದು. 2003ರ ವಿದ್ಯುತ್ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ಅರ್ಜಿ ಹಾಕಿದ ಮನೆಗೆ ವಿದ್ಯುತ್ ಕೊಡುವುದು ವಿತರಣಾ ಕಂಪನಿಯ ಕರ್ತವ್ಯ. ಆ ವಿದ್ಯುತ್ ಹುಬ್ಬಳ್ಳಿಯಿಂದ ಕಂಬದ ಮೇಲೆಯೇ ಬರಬೇಕೆಂದು ಅದು ಹೇಳುವುದಿಲ್ಲ. ಅದೇ ಕಾಯ್ದೆಯ 14ನೇ ಸೆಕ್ಷನ್, ಸರ್ಕಾರ ಗುರುತಿಸಿದ ಗ್ರಾಮೀಣ ಪ್ರದೇಶದಲ್ಲಿ ಯಾರು ಬೇಕಾದರೂ ಲೈಸೆನ್ಸಿಲ್ಲದೆ ವಿದ್ಯುತ್ ಉತ್ಪಾದಿಸಿ ಹಂಚಬಹುದು ಎಂದು ಬಾಗಿಲು ತೆರೆಯಿತು. ಒಳ್ಳೆಯ ಉದ್ದೇಶವೇ. ಆದರೆ ಆ ಬಾಗಿಲಿನಿಂದ ಬಂದ ಯೋಜನೆಗಳಲ್ಲಿ ಕಂಪನಿಯ ದರಪಟ್ಟಿಯ ರಕ್ಷಣೆಯಿಲ್ಲ. ಕೇಂದ್ರದ ವಿಕೇಂದ್ರೀಕೃತ ಉತ್ಪಾದನಾ ಯೋಜನೆಯಲ್ಲಿ ಐದು ವರ್ಷದ ನಿರ್ವಹಣೆ ಗುತ್ತಿಗೆದಾರನದ್ದು ಎಂದಿತ್ತು. ಸೀಸದ ಬ್ಯಾಟರಿಯ ಆಯುಸ್ಸೂ ಹೆಚ್ಚುಕಮ್ಮಿ ಅಷ್ಟೇ. ಗುತ್ತಿಗೆಯೂ ಬ್ಯಾಟರಿಯೂ ಒಟ್ಟಿಗೆ ಮುಗಿದ ಊರಿನಲ್ಲಿ ಆಮೇಲೆ ಉಳಿಯುವುದು ಗುಜರಿ ಸಾಮಾನು. ದೇಶಕ್ಕೊಂದು ಕಿರುಜಾಲ ನೀತಿ ಬೇಕೆಂದು ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವಾಲಯ 2016ರಲ್ಲಿ ಹೊರಡಿಸಿದ ಕರಡು ಕರಡಾಗಿಯೇ ಉಳಿಯಿತು. ಉತ್ತರ ಪ್ರದೇಶ ಮಾತ್ರ ಅದೇ ವರ್ಷ ತನ್ನದೇ ನೀತಿ ಮಾಡಿಕೊಂಡಿತು.

ವಿತರಣೆಯ ಹೊಣೆ ಹೊತ್ತವರೇ ಸೋಲಾರ್–ಡೀಸೆಲ್ ಜಾಲ ನಡೆಸಿದರೆ ಹೇಗಿರುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮಂಗಳೂರಿನಿಂದ ಕಡಲಿಗಿಳಿದರೆ ಸಿಗುವ ಲಕ್ಷದ್ವೀಪ ದಶಕಗಳಿಂದ ಹಡಗಿನಲ್ಲಿ ಬರುವ ಡೀಸೆಲ್ಲಿನಿಂದ ಬದುಕಿದೆ. ಅಲ್ಲಿನ ಆಡಳಿತದ ವಿದ್ಯುತ್ ಇಲಾಖೆಯೇ ಜನರೇಟರುಗಳನ್ನು ನಡೆಸುತ್ತದೆ, ಮನೆಗಳಿಗೆ ಮೀಟರ್ ಹಾಕಿ ನಿಗದಿತ ದರದ ಬಿಲ್ ಕೊಡುತ್ತದೆ, ಡೀಸೆಲ್ಲಿನ ಭಾರಿ ವೆಚ್ಚವನ್ನು ಸರ್ಕಾರ ಹೊರುತ್ತದೆ. 2024ರ ಜನವರಿಯಲ್ಲಿ ಕವರತ್ತಿಯಲ್ಲಿ ಬ್ಯಾಟರಿಸಹಿತ ಸೋಲಾರ್ ಸ್ಥಾವರ ಶುರುವಾದಾಗ ಅಲ್ಲಿನ ಯಾವ ಮನೆಯೂ ನಕಲಿ ಕರೆಂಟು ಬಂತೆಂದು ಕೊರಗಬೇಕಾಗಲಿಲ್ಲ. ಬದಲಾದದ್ದು ಮೀಟರಿನ ಆಚೆಗಿನ ವ್ಯವಸ್ಥೆ. ಆಸ್ಟ್ರೇಲಿಯಾದ ಮರುಭೂಮಿಯ ಕೂಬರ್ ಪೀಡಿಯಲ್ಲೂ ಹಾಗೆಯೇ. ಪೂರ್ತಿ ಡೀಸೆಲ್ಲಿನಲ್ಲಿದ್ದ ಆ ಊರು 2017ರಿಂದ ಗಾಳಿ, ಬಿಸಿಲು, ಬ್ಯಾಟರಿ ಸೇರಿಸಿ ತನ್ನ ವಿದ್ಯುತ್ತಿನ ಸುಮಾರು ಶೇ 70 ಪಾಲನ್ನು ಪಡೆಯುತ್ತಿದೆ.

ಸಮುದ್ರದ ನಡುವಿನ ದ್ವೀಪಕ್ಕೆ ಒಪ್ಪುವ ನ್ಯಾಯ ಕಾಡಿನ ನಡುವಿನ ಊರಿಗೆ ಒಪ್ಪದಿರಲು ಕಾರಣವೇನು? ಹುಲಿ ಎನ್ನುತ್ತಾರೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ವನ್ಯಜೀವಿ ಕಾಯ್ದೆಯ ಬಿಗಿ ಇರುವುದು ನಿಜ, ಇರಬೇಕಾದ್ದೂ ನಿಜ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಓದಿ ನೋಡಿದರೆ, ಕಾಡಿನ ಊರುಗಳಿಗೆ ಒದಗಿಸಬಹುದಾದ ಸೌಲಭ್ಯಗಳ ಪಟ್ಟಿಯಲ್ಲಿ ಶಾಲೆ, ಅಂಗನವಾಡಿ, ರಸ್ತೆಗಳ ಜೊತೆ ವಿದ್ಯುತ್ ತಂತಿಯೂ ಇದೆ, ಅಸಾಂಪ್ರದಾಯಿಕ ಇಂಧನ ಮೂಲಗಳೂ ಇವೆ. ಒಂದೊಂದು ಕಾಮಗಾರಿಗೆ ಒಂದು ಹೆಕ್ಟೇರ್ ಮೀರಬಾರದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆಯ ಶಿಫಾರಸು ಬೇಕು. 20 ಕಿಲೋವಾಟಿನ ಪ್ಯಾನೆಲ್ಲುಗಳಿಗೆ ಬೇಕಾದ್ದು ಕೆಲವು ಗುಂಟೆ. ಊರೊಳಗೇ ಸುತ್ತುವ ಹೊದಿಕೆಯ ಕೇಬಲ್ಲಿಗೆ ಕಾಡು ಸೀಳಿದ ದಾರಿ ಬೇಡ. ಹುಲಿಯ ಪರ ವಾದಿಸುವವರು ಕಿರುಜಾಲವನ್ನು ಮೊದಲು ಸ್ವಾಗತಿಸಬೇಕಿತ್ತು.

ಸ್ವಾಗತಿಸದಿರುವುದಕ್ಕೆ ಇನ್ನೊಂದು ಕಾರಣವಿರಬಹುದು ಎಂಬ ಅನುಮಾನ ಕಾಡಿನ ಜನರಲ್ಲಿದೆ. ಸಂರಕ್ಷಿತ ಪ್ರದೇಶದಿಂದ ಸ್ವಯಂಪ್ರೇರಣೆಯಿಂದ ಹೊರಬರುವ ಕುಟುಂಬಕ್ಕೆ ಈಗ 15 ಲಕ್ಷ ರೂಪಾಯಿಯ ಪ್ಯಾಕೇಜ್ ಇದೆ. ಹೇಗೂ ಹೋಗುವವರಿಗೆ ಕರೆಂಟೇಕೆ ಎನ್ನುವ ತರ್ಕ ಕಡತದಲ್ಲಿ ಬರೆಯದಿದ್ದರೂ ಕೆಲಸ ಮಾಡಬಲ್ಲದು. ಕತ್ತಲಿಗೆ ಬೇಸತ್ತು ಹೊರಟವರ ಹೊರಡುವಿಕೆಯನ್ನು ಸ್ವಯಂಪ್ರೇರಣೆ ಎನ್ನುವುದು ಕಷ್ಟ. ಹೋಗಲು ಮನಸ್ಸಿದ್ದವರು ಹೋಗಲಿ, ಇರುವಷ್ಟು ದಿನ ಇರುವವರಿಗೆ ದೀಪ ಬೇಕು. ಪ್ಯಾನೆಲ್ಲು, ಬ್ಯಾಟರಿ, ಇನ್ವರ್ಟರನ್ನು ಬಿಚ್ಚಿ ಲಾರಿಗೆ ಹಾಕಿ ಇನ್ನೊಂದು ಊರಿಗೆ ಒಯ್ಯಬಹುದು. ಕಂಬ ತಂತಿಗಿಂತ ಈ ವಿಷಯದಲ್ಲೂ ಅದೇ ವಾಸಿ.

ಸೌಕರ್ಯಕ್ಕಾಗಿ ಕಾದು ಬೇಸತ್ತವರ ಸಿಟ್ಟು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ರಾಜ್ಯದ ಇನ್ನೊಂದು ತುದಿ ತೋರಿಸಿದೆ. 2024ರ ಏಪ್ರಿಲ್ 26ರಂದು ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಇಂಡಿಗನತ್ತದಲ್ಲಿ ಲೋಕಸಭಾ ಚುನಾವಣೆಯ ಮತಗಟ್ಟೆಯೇ ಧ್ವಂಸವಾಯಿತು. ಮೂಲಸೌಕರ್ಯವಿಲ್ಲದ ಊರಿನ ಬಹಿಷ್ಕಾರದಿಂದ ಶುರುವಾದದ್ದು ಅಲ್ಲಿಗೆ ಮುಟ್ಟಿತ್ತು. ಮತಯಂತ್ರ ಒಡೆದದ್ದನ್ನು ಯಾರೂ ಸಮರ್ಥಿಸಲಾರರು. ಮೂರೇ ದಿನದಲ್ಲಿ ಮರುಮತದಾನದ ವ್ಯವಸ್ಥೆ ಆ ಊರಿಗೆ ತಲುಪಿತು ಎಂಬುದನ್ನೂ ಗಮನಿಸಬೇಕು.

ತಂತಿ ಈಗಾಗಲೇ ಹೋಗಿರುವ ಊರುಗಳಿಗೂ ಕಿರುಜಾಲ ಬೇಕು. ಜೋಯಿಡಾ, ಯಲ್ಲಾಪುರ, ಹಳಿಯಾಳದ ಕಾಡಂಚಿನ ಬಹುಪಾಲು ಹಳ್ಳಿಗಳ ಸ್ಥಿತಿ ಅದೇ: ತಂತಿಯಿದೆ, ಮಳೆಗಾಲದಲ್ಲಿ ಕರೆಂಟಿಲ್ಲ. ಅಂಥ ಊರಿನ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಬ್ಯಾಟರಿ ಮತ್ತು ಸೋಲಾರ್ ಕೂರಿಸಿ ಒಂದು ಸ್ವಿಚ್ಚು ಹಾಕಿದರೆ, ಮರ ಬಿದ್ದ ಗಳಿಗೆಯಲ್ಲಿ ಊರು ಮುಖ್ಯ ತಂತಿಯಿಂದ ಕಳಚಿಕೊಂಡು ತನ್ನಷ್ಟಕ್ಕೆ ತಾನು ನಡೆಯುತ್ತದೆ. ಲೈನ್‌ಮನ್ ಬೆಳಕು ಹರಿದ ಮೇಲೆ, ಮಳೆ ನಿಂತ ಮೇಲೆ ಸುರಕ್ಷಿತವಾಗಿ ಹೋಗಿ ತಂತಿ ಜೋಡಿಸಬಹುದು. ತಂತಿ ಸರಿಯಿರುವ ದಿನಗಳಲ್ಲಿ ಹೆಚ್ಚುವರಿ ಸೋಲಾರ್ ಹೆಸ್ಕಾಂಗೇ ಹರಿಯುತ್ತದೆ. ಧರ್ನಾಯಿಯಲ್ಲಿ ಗ್ರಿಡ್ ಬಂದಾಗ ಕಿರುಜಾಲ ಸತ್ತದ್ದು ಎರಡನ್ನೂ ಜೋಡಿಸುವ ಒಪ್ಪಂದವಿಲ್ಲದ್ದರಿಂದ. ಇಲ್ಲಿ ಎರಡೂ ಒಂದೇ ಕಂಪನಿಯದಾದರೆ ಆ ತೊಡಕೇ ಹುಟ್ಟದು.

ಹೆಸ್ಕಾಂಗೆ ಇದು ಹೊರೆಯಲ್ಲವೇ? ಹೊರೆಯೇ. ಆದರೆ ಹತ್ತು ಮನೆಗೆ ಕಾಡಿನಲ್ಲಿ ತಂತಿ ಎಳೆದು, ಪ್ರತಿ ಮಳೆಗಾಲ ಅದನ್ನು ಜೋಡಿಸುತ್ತ ಕೂರುವುದೂ ಹೊರೆ. ಆ ವೆಚ್ಚ ದರಪಟ್ಟಿಯಲ್ಲಿ ಎಲ್ಲ ಗ್ರಾಹಕರಿಗೂ ಹಂಚಿಹೋಗುತ್ತದೆ, ಯಾರೂ ಗೊಣಗುವುದಿಲ್ಲ. ಕಿರುಜಾಲದ ವೆಚ್ಚ ಮಾತ್ರ ಅದನ್ನು ಬಳಸುವವನ ತಲೆಗೇ ಕಟ್ಟಬೇಕೆಂಬ ನಿಯಮ ಎಲ್ಲಿಂದ ಬಂತು? ಊರಿನ ಇಬ್ಬರು ಹುಡುಗರಿಗೆ, ಸಾಧ್ಯವಾದರೆ ಹುಡುಗಿಯರಿಗೆ, ತರಬೇತಿ ಕೊಟ್ಟು ಪಂಚಾಯ್ತಿಯ ಮೂಲಕ ಸಂಬಳ ಕೊಟ್ಟರೆ ಪ್ಯಾನೆಲ್ಲು ಒರೆಸುವುದು, ಹಳ್ಳದ ಬಾಯಿಯ ಎಲೆ ತೆಗೆಯುವುದು, ಡೀಸೆಲ್ ಅಳೆಯುವುದು ಅಲ್ಲೇ ಮುಗಿಯುತ್ತದೆ. ಸೀಸದ ಬ್ಯಾಟರಿಯ ಬದಲು ಹತ್ತು ವರ್ಷ ಬಾಳುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿ, ಮುಂದಿನ ಬ್ಯಾಟರಿಯ ಹಣವನ್ನು ಮೊದಲ ದಿನದಿಂದಲೇ ಕಂಪನಿಯ ಲೆಕ್ಕದಲ್ಲಿ ತೆಗೆದಿಡಬೇಕು.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ವಿದ್ಯುತ್ ದರ ಪರಿಷ್ಕರಣೆಗೆ ಹೆಸ್ಕಾಂ ಅರ್ಜಿ ಸಲ್ಲಿಸಿದಾಗ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಮುಂದಿನ ಅರ್ಜಿಯಲ್ಲಿ ಹೆಸ್ಕಾಂ ಎರಡು ಪುಟ ಹೆಚ್ಚಿಗೆ ಸೇರಿಸಲಿ. ಜೋಯಿಡಾದ ಯಾವ ಯಾವ ಮಜರೆಯಲ್ಲಿ ಕಳೆದ ಮಳೆಗಾಲ ಎಷ್ಟೆಷ್ಟು ದಿನ ಕರೆಂಟಿರಲಿಲ್ಲ ಎಂಬುದು ಒಂದು ಪುಟ. ಆ ಪ್ರತಿಯೊಂದಕ್ಕೂ ತಂತಿಯ ವೆಚ್ಚವೆಷ್ಟು, ಸೋಲಾರ್–ಹಳ್ಳ–ಡೀಸೆಲ್ ಜಾಲದ ವೆಚ್ಚವೆಷ್ಟು ಎಂಬುದು ಇನ್ನೊಂದು. ಯಾವುದು ಅಗ್ಗವೋ ಅದನ್ನು ಹಾಕಲಿ, ಎರಡರ ತುದಿಯಲ್ಲೂ ಹೆಸ್ಕಾಂನದೇ ಮೀಟರ್ ಇರಲಿ, ಗೃಹಜ್ಯೋತಿ ಎರಡಕ್ಕೂ ಒಂದೇ ರೀತಿ ಇಳಿಯಲಿ. ಆಯೋಗದ ವಿಚಾರಣೆಯಲ್ಲಿ ಗ್ರಾಹಕರು ಮಾತಾಡಬಹುದು. ಜೋಯಿಡಾದ ಗ್ರಾಮ ಪಂಚಾಯ್ತಿಗಳು ತಮ್ಮ ಗ್ರಾಮಸಭೆಗಳ ಠರಾವನ್ನು ಕೈಯಲ್ಲಿ ಹಿಡಿದು ಅಲ್ಲಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ.